ಸಾಕೆನ್ನುವ ಹಕ್ಕು ಯಾರದು?

ಮದುವೆಯ ಮನೆಯಲ್ಲಿ ಹಿರಿಯರ ಕಾಲಿಗೆರಗುವ ಮದುಮಗಳನ್ನು ‘ಅಷ್ಟಪುತ್ರಾ ಸೌಭಾಗ್ಯವತೀ ಭವ’ ಎಂದು ಹರಸುವ ಪದ್ಧತಿ ನಮ್ಮಲ್ಲಿ ಇಂದಿಗೂ ಉಂಟು. ಎಂಟು ಮಕ್ಕಳು ಹರಸುವವರಿಗೂ ಬೇಕಿಲ್ಲ, ಹರಸಿಕೊಳ್ಳುವವಳಿಗಂತೂ ಬೇಡವೇ ಬೇಡ. ಆದರೂ ಮಾತು ಉಳಿದುಕೊಂಡು ಬಂದಿದೆ. ಅದರ ಪಕ್ಕದಲ್ಲೇ ಇನ್ನೊಂದು ಮಾತನ್ನು ನಮ್ಮ ತಂದೆತಾಯಿಗಳ ತಲೆಮಾರು ಗೋಡೆಗಳ ಮೇಲೆ, ಬಸ್ಸುಗಳ ಹಿಂಬದಿಯಲ್ಲಿ, ಕೆಂಪು ತ್ರಿಕೋನದ ಗುರುತಿನೊಡನೆ ಓದಿತು: ‘ಒಂದು ಬೇಕು, ಎರಡು ಸಾಕು’, ‘ಚಿಕ್ಕ ಸಂಸಾರ ಚೊಕ್ಕ ಸಂಸಾರ’. ಇದೀಗ ಮೂರನೆಯ ಮಾತೂ ಕೇಳಿಬಂದಿದೆ. ೨೦೨೪ರಲ್ಲಿ ನೆರೆಯ ಆಂಧ್ರಪ್ರದೇಶದ ಮುಖ್ಯಮಂತ್ರಿಗಳು, ರಾಜ್ಯದಲ್ಲಿ ಮುದುಕರು ಹೆಚ್ಚುತ್ತಿದ್ದಾರೆ, ಆದುದರಿಂದ ದಂಪತಿಗಳು ಹೆಚ್ಚು ಮಕ್ಕಳನ್ನು ಹೆರಬೇಕು ಎಂದು ಬಹಿರಂಗವಾಗಿಯೇ ಕರೆಕೊಟ್ಟರು.

ಎಂಟು, ಎರಡು, ಮತ್ತೆ ಹೆಚ್ಚು. ಮೂರು ಮಾತುಗಳಲ್ಲಿ ಲೆಕ್ಕ ಬೇರೆ ಬೇರೆ. ವ್ಯಾಕರಣ ಮಾತ್ರ ಒಂದೇ. ‘ಭವ’ ಎಂದರೆ ‘ಆಗು’ ಎಂದರ್ಥ. ಅದು ವಿಧಿರೂಪ, ಅಂದರೆ ಅಪ್ಪಣೆ. ಮೊದಲಿನದು ಕುಲದ ಅಪ್ಪಣೆ, ಎರಡನೆಯದು ದೇಶದ ಅಪ್ಪಣೆ, ಮೂರನೆಯದು ರಾಜ್ಯದ ಅಪ್ಪಣೆ. ಈ ಮೂರರಲ್ಲಿ ಯಾವುದೂ ಹೊತ್ತು ಹೆರುವವಳನ್ನು ‘ನಿನಗೇನು ಬೇಕಮ್ಮಾ?’ ಎಂದು ಕೇಳುವುದಿಲ್ಲ. ಮಕ್ಕಳೆಷ್ಟಿರಬೇಕು ಎಂಬುದು ಅರ್ಥಶಾಸ್ತ್ರದ ಪ್ರಶ್ನೆ ಇರಬಹುದು. ಅದನ್ನು ನಿರ್ಧರಿಸುವವರು ಯಾರು ಎಂಬುದು ಧರ್ಮದ ಪ್ರಶ್ನೆ. ಈ ಎರಡನೆಯ ಪ್ರಶ್ನೆಯನ್ನು ನಮ್ಮ ಸಂಘದ ಬಂಧುಗಳ ಮುಂದಿಡಬೇಕೆಂದು ಈ ಲೇಖನ.

ಮೈಸೂರಿನಿಂದ ಮೊದಲು

ಕುಟುಂಬ ಯೋಜನೆ ಎಂದೊಡನೆ ಅದು ಪರದೇಶದಿಂದ ಬಂದ ಸರಕೆಂದು ತಿಳಿಯುವವರು ಹಲವರಿದ್ದಾರೆ. ಕನ್ನಡಿಗರು ನೆನಪಿಡಬೇಕಾದ ಸಂಗತಿ ಬೇರೆಯೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೩೦ರಲ್ಲಿ ಮೈಸೂರು ಸಂಸ್ಥಾನವು ತನ್ನ ಮುಖ್ಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ಕೊಡುವ ಕೇಂದ್ರಗಳಿಗೆ ಮಂಜೂರಾತಿ ಕೊಟ್ಟಿತು. ಸರ್ಕಾರವೇ ಮುಂದೆ ನಿಂತು ನಡೆಸಿದ ಇಂಥ ಕೇಂದ್ರಗಳಲ್ಲಿ ಜಗತ್ತಿಗೇ ಇವು ಮೊದಲನೆಯವು ಎಂದು ಹೇಳುವುದುಂಟು. ಅದೇ ಕಾಲದಲ್ಲಿ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು ಇದೇ ಕೆಲಸಕ್ಕೆ ಕೈಹಾಕಿ ಕಾಲೇಜಿನ ಅಧ್ಯಾಪಕ ವೃತ್ತಿಯನ್ನು ಬಿಡಬೇಕಾಗಿ ಬಂದಿತ್ತು ಎಂಬುದನ್ನು ನೆನೆದರೆ ಮೈಸೂರಿನ ಧೈರ್ಯದ ಬೆಲೆ ತಿಳಿಯುತ್ತದೆ. ಆ ಕೇಂದ್ರಗಳ ಬಾಗಿಲು ತೆರೆದಿತ್ತು. ಒಳಗೆ ಬರಬೇಕೋ ಬೇಡವೋ ಎಂಬುದು ಬರುವವರಿಗೆ ಬಿಟ್ಟ ವಿಷಯವಾಗಿತ್ತು.

ಮುಂದೆ ೧೯೩೫ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯವರೊಡನೆ ಈ ವಿಷಯವನ್ನು ಚರ್ಚಿಸಿದರು. ಗಾಂಧೀಜಿಯವರು ಕೃತಕ ಸಾಧನಗಳನ್ನು ಒಪ್ಪಲಿಲ್ಲ, ಸಂಯಮವೇ ದಾರಿ ಎಂದರು. ಸಾಮಾನ್ಯ ಸಂಸಾರದ ಹೆಂಗಸಿಗೆ ಅದು ಆಗುವ ಮಾತಲ್ಲ ಎಂಬುದು ಆಕೆಯ ವಾದ. ಇಬ್ಬರೂ ತಮ್ಮ ನಿಲುವು ಬಿಡಲಿಲ್ಲ. ನಮ್ಮಲ್ಲಿ ಈ ಭೇಟಿಯನ್ನು ಸಂಪ್ರದಾಯ ಮತ್ತು ಆಧುನಿಕತೆಗಳ ಜಗಳವೆಂದು ವರ್ಣಿಸುವುದು ವಾಡಿಕೆ. ವಿಚಾರಮಾಡಿ ನೋಡಿದರೆ ಇಬ್ಬರ ಮಾತಿನ ಬೇರೂ ಒಂದೇ ಕಡೆ ಇತ್ತು. ಹೆಂಡತಿಯು ಗಂಡನಿಗೆ ‘ಬೇಡ’ ಎಂದು ಹೇಳುವುದನ್ನು ಕಲಿಯಬೇಕು ಎಂಬುದು ಗಾಂಧೀಜಿಯವರ ಅಭಿಪ್ರಾಯ. ‘ಬೇಡ’ ಎನ್ನಲಾರದ ಸ್ಥಿತಿಯಲ್ಲಿರುವ ಹೆಂಡತಿಯ ಕೈಗೆ ಒಂದು ಸಾಧನವನ್ನಾದರೂ ಕೊಡೋಣ ಎಂಬುದು ಸ್ಯಾಂಗರ್ ಅವರ ಆಗ್ರಹ. ಹೆಣ್ಣಿನ ಇಚ್ಛೆಯೇ ಇಬ್ಬರಿಗೂ ಮೊದಲ ಮಾತು. ಸ್ವತಂತ್ರ ಭಾರತದ ಆಡಳಿತವು ಈ ವಾದದಿಂದ ಎಷ್ಟು ಕಲಿಯಿತೆಂಬುದೇ ಸಂದೇಹ.

ರಾಮನಗರದ ಮಣಿಸರ

೧೯೪೯ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಹುಟ್ಟಿತು. ಅದರ ಮುಖ್ಯ ಪ್ರವರ್ತಕರಾದ ಧನವಂತಿ ರಾಮರಾವ್ ಅವರು ಕಾಶ್ಮೀರಿ ಮನೆತನದವರು, ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ೧೯೫೨ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವೆಂದು ಕೈಗೆತ್ತಿಕೊಂಡಿತು. ಹಾಗೆ ಮಾಡಿದ ಮೊದಲ ದೇಶ ನಮ್ಮದು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಅದಕ್ಕೆಂದು ತೆಗೆದಿರಿಸಿದ ಹಣ ೬೫ ಲಕ್ಷ ರೂಪಾಯಿ.

ಆಗಿನ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ ಕೌರ್ ಗಾಂಧೀಜಿಯವರ ಅನುಯಾಯಿ. ಔಷಧ, ಉಪಕರಣಗಳ ಬದಲು ತಿಂಗಳ ‘ಸುರಕ್ಷಿತ ದಿನ’ಗಳನ್ನು ಎಣಿಸುವ ವಿಧಾನವನ್ನು ಮೊದಲು ಪರೀಕ್ಷಿಸೋಣವೆಂದು ಅವರು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಬಂದರು. ಪ್ರಯೋಗಕ್ಕೆ ಆರಿಸಿದ ಜಾಗಗಳಲ್ಲಿ ಒಂದು ದೆಹಲಿಯ ಲೋದಿ ಕಾಲೊನಿ, ಅಂದರೆ ನಮ್ಮಂಥ ಸರ್ಕಾರಿ ನೌಕರರ ವಸತಿ. ಇನ್ನೊಂದು ಮೈಸೂರು ರಾಜ್ಯದ ರಾಮನಗರ. ಕ್ಯಾಲೆಂಡರು ನೋಡಲು ಬಾರದ ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರವನ್ನು ಕೊಟ್ಟರು. ದಿನಕ್ಕೊಂದು ಮಣಿ ಸರಿಸುತ್ತ ಹೋಗಬೇಕು, ಮಣಿಯ ಬಣ್ಣ ನೋಡಿ ಆ ದಿನ ಕೂಡಬಹುದೋ ಬಾರದೋ ತಿಳಿಯಬೇಕು.

ಪ್ರಯೋಗ ಫಲಿಸಲಿಲ್ಲ. ಮಣಿಸರದ ಕಥೆಯನ್ನು ಹಳ್ಳಿಯ ಹೆಂಗಸರ ಅಜ್ಞಾನದ ಹಾಸ್ಯಪ್ರಸಂಗವನ್ನಾಗಿ ಹೇಳಿ ನಗುವವರುಂಟು. ನನಗೆ ಅದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ವಿಜ್ಞಾನದ ಪದವೀಧರನಾಗಿ ಹೇಳುವುದಾದರೆ, ಋತುಚಕ್ರವು ಎಲ್ಲರಲ್ಲೂ ಎಲ್ಲ ತಿಂಗಳೂ ಒಂದೇ ಸಮನಾಗಿರುವುದಿಲ್ಲ. ಆದುದರಿಂದ ಎಲ್ಲರಿಗೂ ಒಂದೇ ಬಗೆಯ ಸರ ಸರಿಹೊಂದುವುದು ಕಷ್ಟ. ಅದಕ್ಕಿಂತ ಮುಖ್ಯವಾದ ದೋಷ ಇನ್ನೊಂದಿದೆ. ಸರ ಇದ್ದದ್ದು ಹೆಂಡತಿಯ ಕೈಯಲ್ಲಿ, ನಿರ್ಧಾರ ಇದ್ದದ್ದು ಗಂಡನ ಕೈಯಲ್ಲಿ. ಕೆಟ್ಟ ದಿನದ ಮಣಿ ಬಂದಿದೆ ಎಂದು ಆಕೆಗೆ ಗೊತ್ತಾದರೆ ಸಾಲದು, ಅದನ್ನು ಆತನೂ ಗೌರವಿಸಬೇಕು. ಜ್ಞಾನ ಒಬ್ಬರಲ್ಲಿ, ಅಧಿಕಾರ ಇನ್ನೊಬ್ಬರಲ್ಲಿ ಇದ್ದರೆ ಎಂಥ ಉತ್ತಮ ಸಾಧನವೂ ನಿಷ್ಫಲ. ಈ ಪಾಠವನ್ನು ಸರ್ಕಾರ ಕಲಿಯಲಿಲ್ಲ. ಮನವೊಲಿಸುವುದು ನಿಧಾನದ ಕೆಲಸವೆಂದು ಬಗೆದು, ಎಣಿಸಲು ಸುಲಭವಾದ ದಾರಿಯನ್ನು ಹಿಡಿಯಿತು.

ಗುರಿಯ ಕಾಲ

ಎಣಿಸಲು ಎಲ್ಲಕ್ಕಿಂತ ಸುಲಭವಾದದ್ದು ಆಪರೇಷನ್. ೧೯೬೮ರಲ್ಲಿ ನಿರೋಧ್ ಅಗ್ಗದ ದರದಲ್ಲಿ ಅಂಗಡಿಗಳಿಗೆ ಬಂದಿತು, ವಂಕಿ ಬಂದಿತು, ಗುಳಿಗೆ ಬಂದಿತು. ಆದರೆ ನಿರೋಧ್ ಕೊಂಡವನು ಬಳಸಿದನೋ ಇಲ್ಲವೋ ರಿಜಿಸ್ಟರಿನಲ್ಲಿ ಬರೆಯುವಂತಿಲ್ಲ. ಆಪರೇಷನ್ ಆದರೆ ಒಂದು ಎಂದರೆ ಒಂದೇ. ಹೀಗಾಗಿ ಜಿಲ್ಲೆಗಿಷ್ಟು, ತಾಲ್ಲೂಕಿಗಿಷ್ಟು, ದಾದಿಗಿಷ್ಟು ಎಂದು ಗುರಿ ನಿಗದಿಯಾಯಿತು. ಗುರಿ ಎಂಬ ಶಬ್ದವನ್ನು ನಾವು ಕಚೇರಿಗಳಲ್ಲಿ ದಿನವೂ ಬಳಸುತ್ತೇವೆ. ಆದರೆ ಗುರಿ ಎಂದರೆ ಬಾಣ ತಗುಲಬೇಕಾದ ಜಾಗವೂ ಹೌದೆಂಬುದನ್ನು ಮರೆಯುತ್ತೇವೆ.

ತುರ್ತುಪರಿಸ್ಥಿತಿಯ ಕಾಲದಲ್ಲಿ ಇದು ಎಲ್ಲಿಗೆ ಮುಟ್ಟಿತೆಂಬುದು ಹಿರಿಯರಿಗೆ ಗೊತ್ತೇ ಇದೆ. ೧೯೭೬–೭೭ರ ಒಂದೇ ವರ್ಷದಲ್ಲಿ ೮೦ ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳು ನಡೆದವು. ಬಹುಪಾಲು ಗಂಡಸರವು. ಆ ಅವಧಿಯಲ್ಲಿ ಚಿಕಿತ್ಸೆಗೆ ಸಂಬಂಧಿಸಿದ ೧,೭೭೪ ಸಾವುಗಳನ್ನು ಷಾ ಆಯೋಗ ದಾಖಲಿಸಿತು. ೧೯೭೭ರ ಚುನಾವಣೆಯಲ್ಲಿ ಉತ್ತರ ಭಾರತದ ಜನ ಉತ್ತರ ಕೊಟ್ಟರು. ಕಾರ್ಯಕ್ರಮದ ಹೆಸರು ‘ಕುಟುಂಬ ಯೋಜನೆ’ಯಿಂದ ‘ಕುಟುಂಬ ಕಲ್ಯಾಣ’ವೆಂದು ಬದಲಾಯಿತು.

ಹೆಸರಿನ ಜೊತೆಗೆ ಇನ್ನೊಂದೂ ಬದಲಾಯಿತು. ಗಂಡಸರ ಸಿಟ್ಟಿಗೆ ಹೆದರಿದ ಆಡಳಿತ ಮೆಲ್ಲನೆ ಹೆಂಗಸರ ಕಡೆ ತಿರುಗಿತು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ೩೮ ಮಂದಿ ತಾವೇ ಆಪರೇಷನ್ ಮಾಡಿಸಿಕೊಂಡವರು. ಗಂಡನಿಗೆ ಆಪರೇಷನ್ ಆಗಿರುವವರು ಸಾವಿರಕ್ಕೆ ಮೂವರು. ಮತ ಹಾಕಿ ಸರ್ಕಾರವನ್ನು ಉರುಳಿಸಿದ ಸಿಟ್ಟಿಗೆ ಇಷ್ಟು ಬೆಲೆ, ಮನೆಯೊಳಗೆ ನುಂಗಿಕೊಂಡ ಸಿಟ್ಟಿಗೆ ಬೆಲೆಯೇ ಇಲ್ಲ. ಗಂಡಸಿನ ಆಪರೇಷನ್ನಿನಲ್ಲಿ ನಾಳ ಚರ್ಮದ ಅಡಿಯಲ್ಲೇ ಸಿಗುತ್ತದೆ. ಈಗಿನ ವಿಧಾನದಲ್ಲಿ ಕತ್ತಿಯೂ ಇಲ್ಲ, ಹೊಲಿಗೆಯೂ ಇಲ್ಲ, ಅದೇ ದಿನ ಮನೆಗೆ ಹೋಗಬಹುದು. ಹೆಂಗಸಿನದಾದರೆ ಹೊಟ್ಟೆಯೊಳಗೆ ಉಪಕರಣ ಇಳಿಸಬೇಕು. ‘ಶಕ್ತಿ ಹೋಗುತ್ತದೆ’ ಎಂಬ ಭಯಕ್ಕೆ ಆಧಾರವಿಲ್ಲ. ಕಟ್ಟುವುದು ವೀರ್ಯಾಣು ಹರಿಯುವ ನಾಳವನ್ನು ಮಾತ್ರ, ಗಂಡಸುತನದ ಹಾರ್ಮೋನು ರಕ್ತದ ಮೂಲಕ ಎಂದಿನಂತೆಯೇ ಹರಿಯುತ್ತಿರುತ್ತದೆ. ಸುಮಾರು ಮೂರು ತಿಂಗಳು ಬೇರೆ ಎಚ್ಚರಿಕೆ ವಹಿಸಿ, ಪರೀಕ್ಷೆ ಮಾಡಿಸಿಕೊಂಡರೆ ಆಯಿತು. ಇಷ್ಟು ತಿಳಿದಿದ್ದೂ ನಮ್ಮಂಥ ಓದಿದವರ ಮನೆಗಳಲ್ಲಿಯೂ ‘ಹೆಂಗಸರೇ ಮಾಡಿಸಿಕೊಳ್ಳಲಿ’ ಎಂಬುದು ಚರ್ಚೆಯೇ ಇಲ್ಲದೆ ತೀರ್ಮಾನವಾಗುತ್ತದೆ.

ಸೇವಾ ಪುಸ್ತಕದ ಒಂದು ಪುಟ

ಬಲವಂತವೆಂದರೆ ಪೊಲೀಸಿನವನ ಲಾಠಿ ಮಾತ್ರವಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ಗೊತ್ತಿರುವ ಒಂದು ಉದಾಹರಣೆ ಕೊಡುತ್ತೇನೆ. ೧೯೭೯ರ ಡಿಸೆಂಬರಿನ ಆದೇಶದಂತೆ, ಮಿತ ಸಂತಾನದ ನಂತರ ಆಪರೇಷನ್ ಮಾಡಿಸಿಕೊಂಡ ನೌಕರನಿಗೆ, ಇಲ್ಲವೆ ಆತನ ಹೆಂಡತಿ ಮಾಡಿಸಿಕೊಂಡಿದ್ದರೆ ಆತನಿಗೇ, ಒಂದು ವಿಶೇಷ ಇನ್‌ಕ್ರಿಮೆಂಟು ವೈಯಕ್ತಿಕ ವೇತನದ ರೂಪದಲ್ಲಿ ಸಿಗುತ್ತಿತ್ತು. ಏಳನೆಯ ವೇತನ ಆಯೋಗದ ಶಿಫಾರಸಿನ ಮೇಲೆ ೨೦೧೭ರ ಜುಲೈ ಒಂದರಿಂದ ಅದು ನಿಂತಿತು. ಆಪರೇಷನ್ ಆಗುವುದು ಹೆಂಡತಿಯ ಹೊಟ್ಟೆಗೆ, ಇನ್‌ಕ್ರಿಮೆಂಟು ಸೇರುವುದು ಗಂಡನ ಸಂಬಳಕ್ಕೆ. ಇದರಲ್ಲಿ ವಿಚಿತ್ರವೇನಿದೆ ಎಂದು ಕಚೇರಿಯಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ.

ಇದು ಬಲವಂತವೇ? ಅಲ್ಲವೆಂದೇ ನನ್ನ ಉತ್ತರ. ತಿಂಗಳ ಸಂಬಳ ಖಚಿತವಾಗಿರುವ ಗುಮಾಸ್ತನಿಗೆ ಅದು ಬಂದರೆ ಲಾಭ, ಬಾರದಿದ್ದರೆ ನಷ್ಟವಿಲ್ಲ. ಬೇಡ ಎಂದು ಸುಮ್ಮನಿರಬಹುದು. ಆದರೆ ದಿನಗೂಲಿಯವಳಿಗೆ ಆಪರೇಷನ್ನಿನ ಜೊತೆಗೆ ಕೊಡುವ ಪರಿಹಾರದ ಹಣ ಹಾಗಲ್ಲ. ಮನೆಯಲ್ಲಿ ಅಕ್ಕಿ ಮುಗಿದ ವಾರದಲ್ಲಿ ಆ ಹಣಕ್ಕೆ ‘ಬೇಡ’ ಎನ್ನಲು ಎಷ್ಟು ಜನರಿಗೆ ಸಾಧ್ಯ? ಅದೇ ನೋಟು, ಅದೇ ಆಪರೇಷನ್. ಒಬ್ಬರಿಗೆ ಉಡುಗೊರೆಯಾದದ್ದು ಇನ್ನೊಬ್ಬರಿಗೆ ಒತ್ತಾಯವಾಗುತ್ತದೆ. ಹೀಗಿರುವಾಗ ಸಮ್ಮತಿಯನ್ನು ಅಳೆಯಲು ನನಗೆ ತೋರುವ ಮಾನದಂಡ ಇಷ್ಟೇ: ‘ಬೇಡ’ ಎಂದರೆ ಏನನ್ನೂ ಕಳೆದುಕೊಳ್ಳದವರು ‘ಹೂಂ’ ಎಂದಾಗ ಮಾತ್ರ ಅದು ನಿಜವಾದ ಸಮ್ಮತಿ. ‘ಬೇಡ’ ಎಂದರೆ ಅನ್ನವೋ, ಗಂಡನ ಮನೆಯ ನೆರಳೋ, ಆಸ್ಪತ್ರೆಯವರ ಒಳ್ಳೆಯ ಮಾತೋ ತಪ್ಪುವುದಾದರೆ, ಹೆಬ್ಬೆಟ್ಟು ಬಿದ್ದ ಕಾಗದವಿರಬಹುದು, ಸಮ್ಮತಿ ಇರುವುದಿಲ್ಲ.

ಬೇಗಂ ಬಜಾರಿನ ಕನ್ನಡ

ಈ ಮಾನದಂಡಕ್ಕೆ ಇನ್ನೊಂದನ್ನು ಸೇರಿಸಬೇಕೆಂದು ಬೇಗಂ ಬಜಾರ್ ಕಲಿಸುತ್ತದೆ. ನಿಜಾಂ ಅಲಿ ಖಾನರ ಬೇಗಂ ವ್ಯಾಪಾರಿಗಳಿಗೆ ಬಿಟ್ಟುಕೊಟ್ಟ ನೆಲವೆಂದು ಹೆಸರಾದ ಈ ಪೇಟೆಯ ಹಿತ್ತಾಳೆ ಪಾತ್ರೆ, ಒಣಹಣ್ಣು, ಮಸಾಲೆಗಳ ಸಗಟು ಅಂಗಡಿಗಳು ನಮಗೆಲ್ಲ ಪರಿಚಿತ. ಮಾಲೀಕರ ಮಾತು ಮಾರವಾಡಿ, ಗುಜರಾತಿ, ವ್ಯವಹಾರದ ಮಾತು ಹೈದರಾಬಾದಿನ ಹಿಂದಿ. ಮೂಟೆ ಹೊರುವವರ ಮತ್ತು ಆಚೀಚೆ ಗಲ್ಲಿಗಳಲ್ಲಿ ಪಾತ್ರೆ ತಿಕ್ಕುವ, ಕಾಳು ಹಸನು ಮಾಡುವ ಹೆಂಗಸರ ನಡುವೆ ಕಿವಿಗೊಟ್ಟರೆ ಬೀದರಿನ, ಕಲಬುರಗಿಯ, ರಾಯಚೂರಿನ ಕನ್ನಡವೂ ಕೇಳುತ್ತದೆ. ೧೯೫೬ರ ನವೆಂಬರ್ ಒಂದರವರೆಗೆ ಆ ಮೂರು ಜಿಲ್ಲೆಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅವರಿಗೆ ಇದು ಪರವೂರಲ್ಲ, ಹಳೆಯ ರಾಜಧಾನಿ. ಕಾಯಿಲೆ ಕಸಾಲೆ ಬಂದರೆ ಕೂಗಳತೆಯಲ್ಲಿ ಉಸ್ಮಾನಿಯಾ ಆಸ್ಪತ್ರೆ ಇದೆ. ಹೆರಿಗೆಗೂ ಈ ನಗರದಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಅಂದರೆ, ಸೇವೆ ದೂರದಲ್ಲಿಲ್ಲ. ದೂರ ಇರುವುದು ಭಾಷೆ.

ನನ್ನ ಮನೆಯವರು ಹೇಳಿದ ಸಂಗತಿ ಇದು. ಅವರು ನಗರದ ಒಂದು ಆಸ್ಪತ್ರೆಯಲ್ಲಿ ಬಾಣಂತಿಯಾಗಿದ್ದ ಗೆಳತಿಯನ್ನು ನೋಡಲು ಹೋಗಿದ್ದಾಗ ಪಕ್ಕದ ಮಂಚದಲ್ಲಿ ಬೀದರ್ ಕಡೆಯ ಹುಡುಗಿ ಇದ್ದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಎರಡನೆಯ ಹೆರಿಗೆ. ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಕಾಗದ ತೆಲುಗಿನಲ್ಲಿತ್ತು. ಇವರು ಕನ್ನಡದಲ್ಲಿ ಮಾತಾಡಿದ್ದು ಕೇಳಿ, “ಅಕ್ಕಾ, ಇದ್ರಾಗ ಏನ್ ಬರ್ದಾರ್ರಿ? ಅತ್ತಿ ಹೆಬ್ಬಟ್ಟು ಒತ್ತು ಅಂತಾಳ್ರಿ” ಎಂದಳಂತೆ. ಇವರು ಓದಿ ಹೇಳಿದರು. “ಇದು ಮಕ್ಕಳಾಗದ ಹಂಗ ಮಾಡೋ ಆಪರೇಷನ್ ತಂಗಿ, ಒಪ್ಪಿದೀನಿ ಅಂತ ಬರೆದಿದೆ.” ಅದಕ್ಕೆ ಆ ಹುಡುಗಿ, “ಆಪರೇಷನ್ ಅಂಬೂದು ಗೊತ್ತದರಿ. ಮುಂದ ಬೇಕಂದ್ರ ಬಿಚ್ಚತಾರಲ್ರಿ?” ಎಂದು ಕೇಳಿದಳು.

ಬಿಚ್ಚುವುದಿಲ್ಲ, ಇದು ಕಾಯಮ್ಮಿನದು ಎಂದು ತಿಳಿದಾಗ ಆಕೆಗೆ ಅಳುವೇ ಬಂದಿತು. ಹಿರಿಯ ಮಗುವಿಗೆ ಮೈಸರಿಯಿರಲಿಲ್ಲ, ಕಿರಿಯದಕ್ಕೆ ಎರಡು ದಿನ. ನನ್ನ ಮನೆಯವರು ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋಗಿ ನಡುವೆ ನಿಂತು ಎರಡೂ ಕಡೆಯ ಮಾತನ್ನು ದಾಟಿಸಿದರು. ಡಾಕ್ಟರಮ್ಮ ತಾಳ್ಮೆಯಿಂದಲೇ ಕೇಳಿ, ಹಾಗಾದರೆ ವಂಕಿ ಹಾಕಿಸಿಕೊಳ್ಳಲಿ, ಬೇಕೆಂದಾಗ ತೆಗೆಸಬಹುದು ಎಂದರು. ಅತ್ತೆಗೂ ಅದು ಒಪ್ಪಿಗೆಯಾಯಿತು. ಯಾರೂ ಕೆಟ್ಟವರಲ್ಲ. ಅತ್ತೆಗೆ ಸೊಸೆಯ ಮೈ ಸೋತೀತೆಂಬ ಚಿಂತೆ. ದಾದಿಗೆ ನೂರು ಕೆಲಸ. ಆದರೂ ಹತ್ತು ನಿಮಿಷ ಕಳೆದಿದ್ದರೆ ಒಂದು ಜೀವಮಾನದ ನಿರ್ಧಾರ ಅರ್ಥವಾಗದ ಕಾಗದದ ಮೇಲೆ ಹೆಬ್ಬೆಟ್ಟಾಗಿ ಮುಗಿದುಹೋಗುತ್ತಿತ್ತು.

ಕಾನೂನು ಇದನ್ನು ಕಂಡಿಲ್ಲವೆಂದಲ್ಲ. ೨೦೧೪ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ ೮೩ ಹೆಂಗಸರಿಗೆ ಆಪರೇಷನ್ ಮಾಡಿ, ಹಲವರು ಪ್ರಾಣ ಕಳೆದುಕೊಂಡದ್ದು ದೇಶಕ್ಕೇ ತಿಳಿದ ದುರಂತ. ದೇವಿಕಾ ಬಿಸ್ವಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೧೬ರ ಸೆಪ್ಟೆಂಬರ್ ೧೪ರಂದು ತೀರ್ಪು ಕೊಟ್ಟು, ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕು, ಒಳಗಿಂದೊಳಗೆ ಗುರಿ ನಿಗದಿ ಮಾಡಬಾರದು, ಆಪರೇಷನ್ನಿನ ಪರಿಣಾಮವನ್ನು ಆಕೆಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎಂದಿತು. ‘ಅರ್ಥವಾಗುವ ಭಾಷೆ’ ಎಂಬ ಮಾತನ್ನು ಗಮನಿಸಬೇಕು. ಪ್ರಾಂತದ ಭಾಷೆ ಬೇರೆ, ರೋಗಿಗೆ ಅರ್ಥವಾಗುವ ಭಾಷೆ ಬೇರೆ. ವಲಸೆ ಬಂದವರ ಪಾಲಿಗೆ ಇವೆರಡರ ನಡುವಿನ ಅಂತರವೇ ಎಲ್ಲ ಅಪಾಯಗಳ ಮೂಲ.

ಆ ತೀರ್ಪಿನ ಆರು ವರ್ಷಗಳ ಮೇಲೆ, ೨೦೨೨ರ ಆಗಸ್ಟ್ ೨೫ರಂದು, ನಮ್ಮ ನಗರದ ಅಂಚಿನ ಇಬ್ರಾಹಿಂಪಟ್ಣದ ಸರ್ಕಾರಿ ಆಸ್ಪತ್ರೆಯಲ್ಲಿ ಒಂದೇ ದಿನ ೩೪ ಹೆಂಗಸರಿಗೆ ಆಪರೇಷನ್ ಆಯಿತು. ಅವರಲ್ಲಿ ನಾಲ್ವರು ತೀರಿಕೊಂಡರು. ಉಳಿದವರನ್ನು ಹೈದರಾಬಾದಿನ ದೊಡ್ಡ ಆಸ್ಪತ್ರೆಗಳಿಗೆ ತಂದು ಉಳಿಸಿಕೊಳ್ಳಬೇಕಾಯಿತು. ಆ ನಾಲ್ವರೂ ರೋಗಿಗಳಾಗಿರಲಿಲ್ಲ. ಆರೋಗ್ಯವಾಗಿ ಮನೆಯಿಂದ ಹೊರಟಿದ್ದ ತಾಯಂದಿರು. ರೋಗಿಯನ್ನು ಉಳಿಸಲು ಹೋಗಿ ಸೋಲುವುದು ಒಂದು, ಆರೋಗ್ಯವಂತೆಯನ್ನು ಸಾಲಿನಲ್ಲಿ ನಿಲ್ಲಿಸಿ ಕಳೆದುಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಸಮಾಜ ಕೊಡಬೇಕಾದ ಉತ್ತರ ದೊಡ್ಡದು.

ಒಂದು ಆಕ್ಷೇಪಣೆ

ಇಲ್ಲಿ ಓದುಗರು ಒಂದು ನ್ಯಾಯವಾದ ಪ್ರಶ್ನೆ ಕೇಳಬಹುದು. ‘ಪ್ರತಿಯೊಬ್ಬಳನ್ನೂ ಕೇಳಿ ಕೂತಿದ್ದರೆ ಈ ದೇಶದ ಜನಸಂಖ್ಯೆ ಇಳಿಯುತ್ತಿತ್ತೇ? ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಎಂದು ಕೂತಿದ್ದರೆ ನಮ್ಮ ಗತಿ ಏನಾಗುತ್ತಿತ್ತು?’

ಉತ್ತರವನ್ನು ಪ್ರಾಮಾಣಿಕವಾಗಿಯೇ ಹೇಳಬೇಕು. ಆಪರೇಷನ್ನಿನಿಂದ ಜನನ ಪ್ರಮಾಣ ಇಳಿದದ್ದು ನಿಜ. ಹೆಣ್ಣುಮಕ್ಕಳ ಓದು ಹಿಂದುಳಿದಿದ್ದಾಗಲೂ ಆಗಿನ ಆಂಧ್ರಪ್ರದೇಶದಲ್ಲಿ ಹೆರಿಗೆಗಳು ಕಡಿಮೆಯಾದದ್ದು ಮುಖ್ಯವಾಗಿ ಈ ಮಾರ್ಗದಿಂದಲೇ. ಆ ಲಕ್ಷಾಂತರ ಹೆಂಗಸರಲ್ಲಿ ಬಹುಮಂದಿ ಬಯಸಿಯೇ ಬಂದವರು ಎಂಬುದರಲ್ಲಿಯೂ ಸಂದೇಹವಿಲ್ಲ. ಐದಾರು ಹೆತ್ತು ಸೋತ ತಾಯಿಯನ್ನು ಕಂಡ ಮಗಳಿಗೆ ‘ಸಾಕು’ ಎನ್ನಲು ಸರ್ಕಾರದ ಉಪದೇಶ ಬೇಕಿರಲಿಲ್ಲ. ಅವರ ಪಾಲಿಗೆ ಆ ಸೇವೆ ವರವೇ ಆಯಿತು. ಆದುದರಿಂದ ಸೇವೆ ಬೇಡವೆಂಬುದು ನನ್ನ ವಾದವಲ್ಲ, ಇನ್ನೂ ಬೇಕೆಂಬುದೇ ವಾದ. ಮಕ್ಕಳನ್ನು ತಡೆಯಬೇಕೆಂದು ಬಯಸಿಯೂ ಯಾವ ಸಾಧನವೂ ಸಿಗದ ವಿವಾಹಿತೆಯರು ನೂರಕ್ಕೆ ಒಂಬತ್ತು ಮಂದಿಗೂ ಹೆಚ್ಚು ಇದ್ದಾರೆಂದು ಅದೇ ಸಮೀಕ್ಷೆ ಹೇಳುತ್ತದೆ.

ಆದರೆ ಅಪ್ಪಣೆಯಿಲ್ಲದೆ ಏನೂ ಆಗದೆಂಬ ಮಾತನ್ನು ಅಂಕಿಗಳು ಒಪ್ಪುವುದಿಲ್ಲ. ೧೯೯೪ರಲ್ಲಿ ಕೈರೋ ನಗರದಲ್ಲಿ ಸೇರಿದ ವಿಶ್ವಸಮ್ಮೇಳನವು ಲೆಕ್ಕಕ್ಕಿಂತ ಹೆಣ್ಣಿನ ಆರೋಗ್ಯ, ಹಕ್ಕುಗಳು ಮುಂದೆ ಇರಬೇಕೆಂದು ಒಪ್ಪಿತು. ಭಾರತ ೧೯೯೬ರ ಏಪ್ರಿಲ್‌ನಿಂದ ಮೇಲಿನಿಂದ ಹೇರುವ ಗುರಿಗಳನ್ನು, ಕಾಗದದ ಮೇಲಾದರೂ, ಕೈಬಿಟ್ಟಿತು. ಆಗ ಜನಸಂಖ್ಯೆ ಸ್ಫೋಟಿಸಬೇಕಿತ್ತಲ್ಲವೇ? ೧೯೯೨–೯೩ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ೩.೪ ಇದ್ದ ಮಕ್ಕಳ ಪ್ರಮಾಣ ೨೦೧೯–೨೧ರ ವೇಳೆಗೆ ೨ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಅದು ೧.೭, ತೆಲಂಗಾಣದಲ್ಲಿ ೧.೮. ಹುಟ್ಟಿದ ಕೂಸು ಬದುಕುತ್ತದೆಂಬ ಭರವಸೆ, ಹುಡುಗಿಯರ ಓದು, ತಡವಾದ ಮದುವೆ, ಕೈಗೆಟುಕುವ ಸಾಧನ, ಇವು ಲಾಠಿಗಿಂತ ಹೆಚ್ಚಿನ ಕೆಲಸ ಮಾಡಿದವು.

ಇದೀಗ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದೆಂದು ೧೯೯೪ರಲ್ಲಿ ಶಾಸನ ಮಾಡಿದ ಆಂಧ್ರವೇ ೨೦೨೪ರ ನವೆಂಬರಿನಲ್ಲಿ ಆ ನಿರ್ಬಂಧವನ್ನು ತೆಗೆದುಹಾಕಿತು. ತೆಗೆದದ್ದು ಒಳ್ಳೆಯದೇ. ೧೯೭೬ರಿಂದ ತಡೆಹಿಡಿದಿರುವ ಲೋಕಸಭಾ ಸ್ಥಾನಗಳ ಹಂಚಿಕೆ ಮತ್ತೆ ನಡೆದರೆ, ಮಿತ ಸಂತಾನವನ್ನು ಪಾಲಿಸಿದ ದಕ್ಷಿಣದ ರಾಜ್ಯಗಳಿಗೆ ನಷ್ಟವಾದೀತೆಂಬ ಆತಂಕವೂ ನ್ಯಾಯವಾದದ್ದೇ. ಆದರೆ ಅದಕ್ಕೆ ಪರಿಹಾರವನ್ನು ಸಂಸತ್ತಿನಲ್ಲಿ ಹುಡುಕಬೇಕು, ಹೆಣ್ಣುಮಕ್ಕಳ ಗರ್ಭದಲ್ಲಿ ಅಲ್ಲ. ‘ಎರಡೇ ಸಾಕು’ ಎಂಬ ಅಪ್ಪಣೆ ತಪ್ಪಾಗಿದ್ದರೆ ‘ಮೂರು ಬೇಕು’ ಎಂಬ ಅಪ್ಪಣೆಯೂ ಅಷ್ಟೇ ತಪ್ಪು.

ನಮ್ಮಿಂದಾಗುವುದು

ಇಷ್ಟೆಲ್ಲ ಹೇಳಿದ ಮೇಲೆ ಸರ್ಕಾರವನ್ನು ದೂರಿ ಸುಮ್ಮನಾಗುವುದು ಸುಲಭ. ಮನೆಯಲ್ಲಿ ನಾವೂ ಒಂದು ಸರ್ಕಾರವೇ. ಸೊಸೆಗೆ ಎಷ್ಟು ಮಕ್ಕಳು, ಯಾವಾಗ, ‘ಇನ್ನೊಂದು ಗಂಡಾಗಲಿ’ ಎಂಬ ಮಾತೆಲ್ಲ ನಡುಮನೆಯಲ್ಲೇ ತೀರ್ಮಾನವಾಗುತ್ತದೆ. ಒಳಗೆ ಅಡುಗೆಮನೆಯಲ್ಲಿರುವವಳಿಗೆ ಅದು ಕೇಳಿಸುತ್ತದೆ, ಆಕೆಯ ಮಾತು ಮಾತ್ರ ಹೊರಗೆ ಕೇಳಿಸುವುದಿಲ್ಲ. ಸಂತಾನಹರಣ ಚಿಕಿತ್ಸೆಗಾಗಲಿ, ವಯಸ್ಕ ಹೆಂಗಸಿನ ಕಾನೂನುಬದ್ಧ ಗರ್ಭಪಾತಕ್ಕಾಗಲಿ, ಆಕೆಯ ಒಪ್ಪಿಗೆ ಸಾಕು, ಗಂಡನ ಸಹಿ ಕಡ್ಡಾಯವಲ್ಲವೆಂಬುದು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು? ಗೊತ್ತಾದರೆ ಸಂಸಾರ ಒಡೆದೀತೆಂದು ಹೆದರಬೇಕಿಲ್ಲ. ಹಕ್ಕು ಇದ್ದವರ ಜೊತೆಗೆ ನಡೆಯುವ ಸಮಾಲೋಚನೆಯೇ ನಿಜವಾದ ಸಮಾಲೋಚನೆ. ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಲಿ. ಆ ಮಾತಿನಲ್ಲಿ ಗಂಡಸಿನ ಆಪರೇಷನ್ನೂ ಒಂದು ದಾರಿಯೆಂಬುದು ಸೇರಿರಲಿ. ವಂಕಿ, ಗುಳಿಗೆ, ಮೂರು ತಿಂಗಳಿಗೊಮ್ಮೆ ಹಾಕಿಸುವ ‘ಅಂತರಾ’ ಚುಚ್ಚುಮದ್ದು, ಲಖನೌದ ಸಂಶೋಧನಾಲಯದಲ್ಲಿ ನಮ್ಮವರೇ ಕಂಡುಹಿಡಿದ, ಸರ್ಕಾರಿ ಆಸ್ಪತ್ರೆಗ‍ಳಲ್ಲಿ ‘ಛಾಯಾ’ ಎಂದು ಕೊಡುವ ವಾರದ ಗುಳಿಗೆ, ಇವೆಲ್ಲ ಬೇಕೆಂದಾಗ ನಿಲ್ಲಿಸಬಹುದಾದ ಸಾಧನಗಳು. ಯಾವುದು ಯಾರ ಮೈಗೆ ಒಗ್ಗುತ್ತದೆಂಬುದನ್ನು ಡಾಕ್ಟರು ಹೇಳಬೇಕು, ಅತ್ತೆಯಲ್ಲ, ನೆರೆಯವರಲ್ಲ.

ಎರಡನೆಯದು ನಮ್ಮ ಸಂಘದ ಕೆಲಸ. ರಾಜ್ಯೋತ್ಸವ, ನಾಟಕ, ಭಜನೆಗಳಿಗೆ ನಾವು ಸೇರುತ್ತೇವೆ, ಕನ್ನಡ ಉಳಿಯಬೇಕೆಂದು ಭಾಷಣ ಮಾಡುತ್ತೇವೆ. ಪರಭಾಷೆಯ ಆಸ್ಪತ್ರೆಯಲ್ಲಿ ಕಾಗದ ಹಿಡಿದು ಕಣ್ಣು ಕಣ್ಣು ಬಿಡುವ ಒಬ್ಬ ಬಾಣಂತಿಗೆ ಅದರ ಅರ್ಥ ತಿಳಿಸುವುದಕ್ಕಿಂತ ದೊಡ್ಡ ಕನ್ನಡ ಸೇವೆ ಯಾವುದಿದೆ? ತೆಲುಗು, ಉರ್ದು ಚೆನ್ನಾಗಿ ಬಲ್ಲ ಹತ್ತು ಮಂದಿ ಹೆಣ್ಣುಮಕ್ಕಳು ತಿಂಗಳಿಗೆ ಒಂದೆರಡು ಬೆಳಗ್ಗೆಗಳನ್ನು ಇದಕ್ಕೆ ಕೊಟ್ಟರೆ ಸಾಕು. ಒಂದೇ ಪುಟದ ಕನ್ನಡ ಕರಪತ್ರ ಮಾಡಿಸಬಹುದು: ಯಾವ ಸಾಧನ ತಾತ್ಕಾಲಿಕ, ಯಾವುದು ಕಾಯಂ, ಯಾವುದಕ್ಕೆ ಯಾರ ಸಹಿ ಬೇಕು, ಬೇಡವೆಂದರೆ ಏನೂ ತಪ್ಪುವುದಿಲ್ಲ. ಬೇಗಂ ಬಜಾರಿನ ಗಲ್ಲಿಗಳಲ್ಲಿ ಓದಬಲ್ಲವರು ಓದದವರಿಗೆ ಓದಿ ಹೇಳುತ್ತಾರೆ. ಉಪದೇಶ ಮಾತ್ರ ಅದರಲ್ಲಿ ಇರಬಾರದು. ಎಷ್ಟು ಮಕ್ಕಳೆಂದು ನಾವು ಹೇಳಬೇಕಿಲ್ಲ.

ಶಾಸ್ತ್ರವಾಗಲಿ ಸರ್ಕಾರವಾಗಲಿ ಇಷ್ಟು ಕಾಲ ಹೆಣ್ಣಿಗೆ ಒಂದು ಲೆಕ್ಕವನ್ನು ಕೊಟ್ಟವು. ಆಕೆಗೆ ಬೇಕಾದದ್ದು ತಿಳಿವಳಿಕೆ, ಸಾಧನ ಮತ್ತು ಸಮಯ. ಈ ಮೂರನ್ನು ಕೊಟ್ಟ ಮೇಲೆ ಆಕೆ ‘ಸಾಕು’ ಎಂದರೂ ಸರಿ, ‘ಇನ್ನೊಂದು ಬೇಕು’ ಎಂದರೂ ಸರಿ. ಆ ಮಾತು ಆಕೆಯದಾಗಿರಲಿ.